ಖಾಲಿ ಸೀಟಿನ ಅಳತೆ

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಸೈಕಲ್ ಶಾಪುಗಳಲ್ಲಿ ಸೀಟು ಸರಿಮಾಡುವುದೆಂದರೆ ಏರಿಸುವುದು, ಇಲ್ಲವೇ ಇಳಿಸುವುದು. ‘ಯಣ್ಣಾ, ಸೀಟು ಜರಾ ಇಳಸು’ ಅಂದರೆ ಪಾನಾ ನಟ್ಟಿಗೆ ಬೀಳುತ್ತದೆ, ಸೀಟು ಇಳಿಯುತ್ತದೆ, ‘ಆತು ಹೋಗವ್ವಾ’ ಅನ್ನುವಲ್ಲಿಗೆ ಕೆಲಸ ಮುಗಿಯಿತು. ಸೀಟಿನ ಮೂತಿ ಮೇಲೆದ್ದಿದೆಯೋ ಬಾಗಿದೆಯೋ ಲೆಕ್ಕಕ್ಕಿಲ್ಲ. ಯಾರಾದರೂ ಕೇಳಿದರೆ ಅಂಗೈಯಿಂದ ಒಂದು ಗುದ್ದು. ರಿಮ್ಮಿನ ಬೆಂಡನ್ನು ಕಡ್ಡಿ ಕಡ್ಡಿಯಾಗಿ ತೆಗೆಯುವ ನಾಜೂಕು ಕೈ ಇಲ್ಲಿ ಮಾತ್ರ ಯಾಕೆ ಒರಟಾಗುತ್ತದೋ!

ಗುದ್ದಿನಿಂದ ಕೆಡುಕೇ ಹೆಚ್ಚು. ಸೀಟಿನಡಿಯ ಕಂಬಿಗಳನ್ನು ಹಿಡಿದಿರುವ ಕ್ಲಾಂಪಿನೊಳಗೆ ಹಲ್ಲುಗಳಿರುವ ವಾಷರುಗಳಿವೆ. ಎರಡೂ ಬದಿಯ ನಟ್ಟು ಸಡಿಲಿಸಿದರೆ ಸೀಟು ಒಂದು ಹಲ್ಲು ಬಿಟ್ಟು ಇನ್ನೊಂದಕ್ಕೆ ಕೂರುತ್ತದೆ. ಬಿಗಿಯಿದ್ದಾಗಲೇ ಗುದ್ದಿದರೆ ಹಲ್ಲು ಸವೆಯುತ್ತವೆ. ಆಮೇಲೆ ಎಷ್ಟು ಬಿಗಿದರೂ ರಸ್ತೆಯಲ್ಲಿ ಮುಂದಿನ ಹಂಪು ಬಂದಾಗ ಮೂತಿ ತಾನಾಗಿ ಏಳುತ್ತದೆ.

ಮೂತಿ ಎದ್ದರೆ ಭಾರ ಕೂರುವ ಎಲುಬಿನ ಮೇಲೆ ಬೀಳದೆ, ತೊಡೆಸಂದಿನ ನರ ಮತ್ತು ರಕ್ತನಾಳಗಳ ಮೇಲೆ ಬೀಳುತ್ತದೆ, ಜೋಮು ಹಿಡಿಯುತ್ತದೆ. ನಾಚಿಕೆಯಿಂದ ಯಾರೂ ಬಾಯಿ ಬಿಡದ ನೋವಿದು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ 2009ರಲ್ಲಿ ಸೈಕಲ್ ಮೇಲೆ ಗಸ್ತು ತಿರುಗುವ ಪೊಲೀಸರಂಥವರಿಗೆ ಮೂತಿಯೇ ಇಲ್ಲದ ಸೀಟು ಬಳಸಿ ಎಂದದ್ದು ಇದೇ ಕಾರಣಕ್ಕೆ. ಮೂತಿ ತೀರ ಬಾಗಿದರೆ ಮೈ ಮುಂದಕ್ಕೆ ಜಾರಿ, ಭಾರವೆಲ್ಲ ಮಣಿಕಟ್ಟಿಗೆ ಬರುತ್ತದೆ.

ಹಾಗಾದರೆ ಸಮವಾಗಿರಲಿ, ಮುಗಿಯಿತಲ್ಲ? ಬಲ್ಲವರು ಹೇಳುವುದೂ ಅದನ್ನೇ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವೂ ರೇಸಿನ ಸೀಟು 9 ಡಿಗ್ರಿಗಿಂತ ಹೆಚ್ಚು ವಾಲಬಾರದು ಎನ್ನುತ್ತದೆ. ನನ್ನ ತಕರಾರು ಇರುವುದು ಇಲ್ಲೇ. ರೇಸಿನ ಸೀಟಿಗೆ ಸ್ಪ್ರಿಂಗು ಇಲ್ಲ. ಖಾಲಿ ಇದ್ದಾಗಿನ ಕೋನವೇ ಕೂತಾಗಲೂ ಹೆಚ್ಚುಕಡಿಮೆ ಉಳಿಯುತ್ತದೆ. ನಮ್ಮ ಕರಿ ಸೈಕಲ್ಲಿನ ಸೀಟಿಗೆ ಹಿಂಬದಿ ಎರಡು ದಪ್ಪ ಸ್ಪ್ರಿಂಗು. ಕೂತೊಡನೆ ಹಿಂಭಾಗ ತಗ್ಗುತ್ತದೆ, ಮೂತಿ ಏಳುತ್ತದೆ. ಗೋಡೆಗೆ ಒರಗಿಸಿ, ಮೇಲೆ ಫೂಟುಪಟ್ಟಿ ಇಟ್ಟು ಸಮ ಮಾಡಿದ ಸೀಟು ತುಳಿಯುವವರ ಪಾಲಿಗೆ ಸಮವೇ ಅಲ್ಲ. ಆದ್ದರಿಂದ ಸವಾರ ಕೂತಿರಬೇಕು, ಇನ್ನೊಬ್ಬ ಪಕ್ಕದಲ್ಲಿ ನಿಂತು ನೋಡಬೇಕು. ಖಾಲಿ ಇದ್ದಾಗ ಮೂತಿ ತುಸು ತಗ್ಗಿದ್ದರೆ ಕೂತಾಗ ಸಮಕ್ಕೆ ಬರುತ್ತದೆ. ಎಷ್ಟು ತಗ್ಗಬೇಕೆಂಬುದು ಸವಾರನ ತೂಕಕ್ಕೂ ಸ್ಪ್ರಿಂಗಿನ ವಯಸ್ಸಿಗೂ ಬಿಟ್ಟದ್ದು.

ಎತ್ತರ ಮೊದಲು, ಕೋನ ಆಮೇಲೆ. ಈ ಕ್ರಮ ತಪ್ಪಿದರೆ ಎರಡೂ ಕೆಡುತ್ತವೆ. ಪೆಡಲು ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಅಷ್ಟು ಸಾಕು.

ಈ ಅಳತೆ ಹೆಚ್ಚು ಬೇಕಿದ್ದದ್ದು ಶಾಲೆಯ ಮಕ್ಕಳಿಗೆ. 2006-07ರಲ್ಲಿ ಶುರುವಾದ ರಾಜ್ಯ ಸರ್ಕಾರದ ಯೋಜನೆ ಸರ್ಕಾರಿ, ಅನುದಾನಿತ ಶಾಲೆಗಳ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಟ್ಟಿತು. ಕೋವಿಡ್ ಹೊತ್ತಿಗೆ ನಿಂತಿತು. ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಹಿಡಿದು, ಕ್ಯಾಂಪು ಎಂದು ಕರೆಯುವ ಊರುಗಳಿಂದ ಹೈಸ್ಕೂಲಿಗೆ ಹೋಗಲು ಅದಕ್ಕಿಂತ ದೊಡ್ಡ ಸಹಾಯವಿರಲಿಲ್ಲ. ಆದರೆ ಕುಳ್ಳಿಗೂ ಉದ್ದನೆಯವಳಿಗೂ ಒಂದೇ ಅಳತೆಯ ಸೈಕಲ್ ಬಂದಾಗ, ಅದನ್ನು ಮೈಗೆ ಹೊಂದಿಸಲು ಇದ್ದದ್ದು ಸೀಟು, ಹ್ಯಾಂಡಲ್ ಎರಡೇ. ಕಲಿಯುವಾಗ ಎರಡೂ ಕಾಲು ನೆಲಕ್ಕೆ ತಾಕಲೆಂದು ಸೀಟನ್ನು ಪೂರ್ತಿ ಇಳಿಸುವುದು ಸರಿ, ಭಯ ಹೋಗುತ್ತದೆ. 10ನೇ ತರಗತಿಗೆ ಬರುವಷ್ಟರಲ್ಲಿ ಮಕ್ಕಳು ಉದ್ದವಾಗುತ್ತಾರೆ. ಸೀಟು ಮಾತ್ರ ಇಳಿಸಿದಲ್ಲೇ ಇರುತ್ತದೆ. ಗದ್ದೆಯ ರಾಡಿಗೆ ನಟ್ಟು ತುಕ್ಕು ಹಿಡಿಯುತ್ತದೆ. ಮಂಡಿ ಎದೆಮಟ್ಟ ಬರುವಂತೆ ತುಳಿದು ಮಂಡಿನೋವು ಎಂದರೆ, ಮನೆಯವರು ಸೈಕಲ್ಲನ್ನೇ ಬೈಯುತ್ತಾರೆ.

ಲೈನ್ ಹಚ್ಚಿ ಸೈಕಲ್ ಹಂಚಿದ ಶಾಲೆಗಳಿಗೆ, ಒಂದು ಪಾನಾ ಹಿಡಿದು ಒಬ್ಬೊಬ್ಬರನ್ನೇ ಹತ್ತಿಸಿ ನೋಡಲು ಪಿ.ಟಿ. ಮಾಸ್ತರರ ಒಂದು ಪೀರಿಯಡ್ ಹೆಚ್ಚಾಗುತ್ತಿರಲಿಲ್ಲ. ಆ ಸೈಕಲ್ಲುಗಳು ಎಷ್ಟೋ ಮನೆಗಳಲ್ಲಿ ಈಗ ತಮ್ಮ ತಂಗಿಯರ ಕೈಗೆ ಬಂದಿವೆ. ಅಕ್ಕನ ಅಳತೆಗೂ ಇಲ್ಲದಿದ್ದ ಸೀಟಿನ ಸಮೇತ.