ಗಡ್ಡೆಯ ಗಂಧ, ಗಂಡಸರ ಕೊರಳಿಗೆ

ಐರಿಸ್ ಗಿಡದ ಬೆಲೆಯೆಲ್ಲ ಮಣ್ಣಿನೊಳಗೆ. ಇಟಲಿಯ ಟಸ್ಕನಿಯಲ್ಲಿ ಐರಿಸ್ ಪಲ್ಲಿಡಾ ಜಾತಿಯ ಗಡ್ಡೆಗಳನ್ನು ಸುಮಾರು 3 ವರ್ಷ ಬೆಳೆಸಿ ಅಗೆದು, ಬಾಗಿದ ಪುಟ್ಟ ಚಾಕುವಿನಿಂದ ಸಿಪ್ಪೆ ಹೆರೆದು ಒಣಗಿಸುತ್ತಾರೆ. ಆಗಿನ್ನೂ ಅದಕ್ಕೆ ಹೇಳಿಕೊಳ್ಳುವಂಥ ಪರಿಮಳವಿಲ್ಲ. ಮತ್ತೆ ಎರಡು ಮೂರು ವರ್ಷ ದಾಸ್ತಾನಿನಲ್ಲಿ ಹಾಗೇ ಬಿಟ್ಟರೆ ಗಾಳಿಯ ಆಮ್ಲಜನಕ ನಿಧಾನಕ್ಕೆ ಕೆಲಸ ಮಾಡಿ, ಒಳಗೆ ಐರೋನ್ ಎಂಬ ರಾಸಾಯನಿಕ ಹುಟ್ಟುತ್ತದೆ. ಘಮವೆಲ್ಲ ಅದರದೇ. ಬಟ್ಟಿ ಇಳಿಸಿದಾಗ ಒಂದು ಟನ್ ಒಣಗಡ್ಡೆಗೆ ದಕ್ಕುವುದು 2 ಕಿಲೋ ಆಸುಪಾಸು, ಬೆಣ್ಣೆಯಂತೆ ಗಟ್ಟಿಯಾದ ಹಳದಿ ಮುದ್ದೆ.

1893ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಫರ್ಡಿನಾಂಡ್ ಟೀಮನ್ ಈ ಪರಿಮಳದ ಗುಟ್ಟು ಹುಡುಕುತ್ತಲೇ ಅದರ ಹತ್ತಿರದ ನೆಂಟ ಐಯೋನೋನನ್ನು ತಯಾರಿಸಿದ. ಇವೆರಡರ ಪುಡಿಪುಡಿಯಾದ ಕಂಪು ಮುಖದ ಪೌಡರಿಗೂ ಲಿಪ್‌ಸ್ಟಿಕ್ಕಿಗೂ ಸೇರಿ, ಹೆಂಗಸರ ಅಲಂಕಾರದ ಗುರುತೇ ಆಗಿಹೋಯಿತು.

ಆದ್ದರಿಂದಲೇ ಡಿಯೋರ್ ಸಂಸ್ಥೆ 2005ರಲ್ಲಿ ಗಂಡಸರಿಗೆಂದು ತಂದ ಐರಿಸ್ ಪರಿಮಳ ‘ಡಿಯೋರ್ ಓಮ್’ ದಿಟ್ಟ ಹೆಜ್ಜೆ. ಆಗ ಎಡಿ ಸ್ಲಿಮಾನ್ ಆ ಸಂಸ್ಥೆಯ ಪುರುಷರ ಉಡುಪಿನ ವಿನ್ಯಾಸಕ. ಪರಿಮಳ ಹೆಣೆದವನು ಒಲಿವಿಯೆ ಪೋಲ್ಜ್. ಆತ ಲಿಪ್‌ಸ್ಟಿಕ್ಕಿನ ನೆನಪನ್ನು ಅಡಗಿಸಿಡುವ ಗೋಜಿಗೇ ಹೋಗಲಿಲ್ಲ. ಅದನ್ನು ನಟ್ಟನಡುವೆ ಕೂರಿಸಿ, ಸುತ್ತ ಕೋಕೋ, ತೊಗಲು, ಲಾವಂಚ ಇಟ್ಟ. ಹಾಕಿಕೊಂಡ ಮೊದಲ ಕೆಲವು ನಿಮಿಷ ಲ್ಯಾವೆಂಡರಿನದೇ ಕಾರುಬಾರು, ಸ್ವಲ್ಪ ಕಟು. ಅದು ಇಳಿಯುತ್ತಿದ್ದಂತೆ ಐರಿಸ್ ಎದ್ದು ಬರುತ್ತದೆ: ತಣ್ಣಗೆ, ಒಣಗಿ, ನುಣ್ಣಗೆ ಅರೆದ ಪುಡಿಯ ಹಾಗೆ. ಕೋಕೋದ ಕಹಿ ಅದನ್ನು ಸಿಹಿಯಾಗಲು ಬಿಡುವುದಿಲ್ಲ. ಕೊನೆಗೆ ಮೈಗೆ ಅಂಟಿ ಉಳಿಯುವುದು ತೊಗಲು ಮತ್ತು ಲಾವಂಚ. ಹತ್ತಿರ ಬಂದವರ ಮೂಗಿಗಷ್ಟೇ ಸಿಗುವ ಸಂಯಮ ಅದರದು; ಇಸ್ತ್ರಿ ಮಾಡಿದ ಬಿಳಿ ಅಂಗಿಯ ಜೊತೆ ಇದಕ್ಕಿಂತ ಚೆಂದ ಒಪ್ಪುವ ಪರಿಮಳ ಕಡಿಮೆ.

2007ರ ಡಿಯೋರ್ ಓಮ್ ಇಂಟೆನ್ಸ್ ಇದೇ ರಾಗದ ಮಂದ್ರ. ಹೆಚ್ಚು ದಟ್ಟ, ಹೆಚ್ಚು ಬೆಚ್ಚಗೆ, ಬಾಳಿಕೆಯೂ ಹೆಚ್ಚು. ಚಳಿಯ ಸಂಜೆಗೆ ಹೇಳಿಮಾಡಿಸಿದ್ದು. ಮಂಗಳೂರಿನ ಏಪ್ರಿಲ್ ಸೆಖೆಯಲ್ಲಿ ಮಾತ್ರ ಉಸಿರು ಕಟ್ಟಿಸೀತು.

ಬಿಸಿಲೂರಿನವರು, ದಿನವೂ ಕಚೇರಿಗೆ ಹೋಗುವವರು 2016ರ ಪ್ರಾಡಾ ಲೊಮ್ ನೋಡಬಹುದು. ಅದನ್ನು ಹೆಣೆದ ಡನಿಯೇಲಾ ಆಂದ್ರಿಯೆ ಐರಿಸನ್ನು ನೆರೋಲಿ, ಜೆರೇನಿಯಂ ಜೊತೆ ಸೇರಿಸಿ ಸಾಬೂನಿನಷ್ಟು ಶುಭ್ರಗೊಳಿಸಿದ್ದಾಳೆ. ಡಿಯೋರಿನ ಆಳ ಅದಕ್ಕಿಲ್ಲ, ನಿಜ. ಆದರೆ ಬೆವರಿದ ಮೈಯ ಮೇಲೂ ಮುಗ್ಗರಿಸದು.

ಕೊಳ್ಳುವವರು ಶೀಶೆಯ ಮೇಲಿನ ಹೆಸರನ್ನು ಪೂರ್ತಿ ಓದಬೇಕು. 2020ರಲ್ಲಿ ಡಿಯೋರ್ ಅದೇ ‘ಡಿಯೋರ್ ಓಮ್’ ಹೆಸರಿನಲ್ಲಿ ಬೇರೆಯದೇ ಮರಗಂಧವನ್ನು ತಂದಿತು. ಅದರಲ್ಲಿ ಐರಿಸ್ ಹುಡುಕಿ ಫಲವಿಲ್ಲ. ಹಳೆಯದಕ್ಕೆ ‘ಒರಿಜಿನಲ್’ ಎಂಬ ಬಾಲ ಸೇರಿತು. ಅಂಗಡಿಯಲ್ಲಿ ಕಾಗದದ ಪಟ್ಟಿ ಮೂಸಿ ತೀರ್ಮಾನಿಸುವುದೂ ಬೇಡ. ಮುಂಗೈಗೆ ಒಮ್ಮೆ ಹಾಕಿಸಿಕೊಂಡು, ಲ್ಯಾವೆಂಡರ್ ಇಳಿದು ಐರಿಸ್ ಮೇಲೇಳುವ ತನಕ ಒಂದರ್ಧ ತಾಸು ಹೊರಗೆ ಸುತ್ತಾಡಿ ಬರಬೇಕು.