ಶಾರ್ಕ್ ಪುಡಿ ಮತ್ತು ಆನೆಯ ಜೀನು

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ಗೊತ್ತಾದ ಮರುದಿನದಿಂದಲೇ ಸಲಹೆಗಳು ಬರತೊಡಗುತ್ತವೆ. ಒಬ್ಬರು ಬೇರು ಹೇಳುತ್ತಾರೆ, ಇನ್ನೊಬ್ಬರು ಪುಡಿ ಹೇಳುತ್ತಾರೆ, ಮತ್ತೊಬ್ಬರು ಮೊಬೈಲಿಗೆ ಬಂದ ಸಂದೇಶ ತೋರಿಸುತ್ತಾರೆ. ಹೇಳುವವರ ಉದ್ದೇಶ ಕೆಟ್ಟದ್ದೇನಲ್ಲ. ಆದರೆ ಇಂಥ ಸಲಹೆಗಳ ಹಿಂದೆ ಕೆಲವೊಮ್ಮೆ ಒಂದು ಪುಸ್ತಕ ಇರುತ್ತದೆ, ಪುಸ್ತಕದ ಹಿಂದೆ ಒಂದು ವ್ಯಾಪಾರವೂ ಇರುತ್ತದೆ.

ಅಂಥದ್ದೊಂದು ಪುಸ್ತಕ 1992ರಲ್ಲಿ ಅಮೆರಿಕದಲ್ಲಿ ಬಂತು. ವಿಲಿಯಂ ಲೇನ್ ಮತ್ತು ಲಿಂಡಾ ಕೋಮ್ಯಾಕ್ ಬರೆದ ಆ ಪುಸ್ತಕದ ಹೆಸರು ‘ಶಾರ್ಕ್ಸ್ ಡೋಂಟ್ ಗೆಟ್ ಕ್ಯಾನ್ಸರ್’, ಅಂದರೆ ಶಾರ್ಕ್‌ಗಳಿಗೆ ಕ್ಯಾನ್ಸರ್ ಬರುವುದಿಲ್ಲ. ಅದರ ವಾದ ಹೀಗಿದೆ: ಗಡ್ಡೆ ಬೆಳೆಯಬೇಕಾದರೆ ಹೊಸ ರಕ್ತನಾಳಗಳು ಬೇಕು. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಶಾರ್ಕ್‌ನ ಅಸ್ಥಿಪಂಜರವೆಲ್ಲ ಮೃದ್ವಸ್ಥಿಯೇ. ಆದ್ದರಿಂದ ಅದರ ಪುಡಿಯನ್ನು ತಿಂದರೆ ಗಡ್ಡೆ ಸೊರಗುತ್ತದೆ.

ಇದರ ಮೊದಲ ಮಾತುಗಳು ಸುಳ್ಳಲ್ಲ. ಗಡ್ಡೆಗೆ ರಕ್ತನಾಳ ಬೇಕೆಂಬ ವಿಚಾರವನ್ನು ಜೂಡಾ ಫೋಕ್‌ಮನ್ 1971ರಲ್ಲೇ ಮುಂದಿಟ್ಟಿದ್ದರು. ಶಾರ್ಕ್ ಮೃದ್ವಸ್ಥಿಯಿಂದ ತೆಗೆದ ಸತ್ವವು ಮೊಲದ ಕಣ್ಣಿನಲ್ಲಿಟ್ಟ ಗಡ್ಡೆಯ ಕಡೆಗೆ ರಕ್ತನಾಳ ಬೆಳೆಯುವುದನ್ನು ತಡೆಯಿತೆಂಬ ವರದಿ 1983ರಲ್ಲಿ ಬಂದಿತ್ತು. ಆದರೆ ಗಡ್ಡೆಯ ಪಕ್ಕದಲ್ಲೇ ಇಟ್ಟ ಸತ್ವ ಬೇರೆ, ಹೊಟ್ಟೆಯಲ್ಲಿ ಜೀರ್ಣವಾಗುವ ಪುಡಿ ಬೇರೆ. ಪುಸ್ತಕ ಈ ಅಂತರವನ್ನು ಒಂದೇ ಜಿಗಿತದಲ್ಲಿ ದಾಟಿಬಿಡುತ್ತದೆ.

ಶೀರ್ಷಿಕೆಯಂತೂ ನಿಜವಲ್ಲ. ಶಾರ್ಕ್‌ನ ಗಡ್ಡೆ 1908ರಷ್ಟು ಹಿಂದೆಯೇ ದಾಖಲಾಗಿದೆ. ಶಾರ್ಕ್ ಮತ್ತು ಅದರ ಬಂಧು ಮೀನುಗಳಲ್ಲಿ ಕಂಡ 42 ಗಡ್ಡೆಗಳನ್ನು ವಿಜ್ಞಾನಿಗಳು 2004ರಲ್ಲಿ ಪಟ್ಟಿ ಮಾಡಿದರು. ಪುಡಿಯ ಪರೀಕ್ಷೆಗಳೂ ನಡೆದವು. ಶ್ವಾಸಕೋಶದ ಕ್ಯಾನ್ಸರ್ ಇದ್ದ 379 ರೋಗಿಗಳ ಮೇಲೆ ಶಾರ್ಕ್ ಮೃದ್ವಸ್ಥಿ ಸತ್ವದ ಪರೀಕ್ಷೆ ನಡೆದು ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಸತ್ವ ಸೇವಿಸಿದವರು ಸೇವಿಸದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಅಷ್ಟರೊಳಗೆ ಎಷ್ಟು ಕುಟುಂಬಗಳ ಹಣ ಹೋಯಿತೋ, ಎಷ್ಟು ರೋಗಿಗಳ ಅಮೂಲ್ಯ ಸಮಯ ಹೋಯಿತೋ, ಲೆಕ್ಕವಿಟ್ಟವರಿಲ್ಲ.

ಹಾಗಾದರೆ ಪ್ರಾಣಿಗಳ ಕಡೆ ನೋಡುವುದೇ ತಪ್ಪೇ? ಅಲ್ಲ. ನಮ್ಮ ಆಕ್ಷೇಪ ಪುಸ್ತಕದ ಪ್ರಶ್ನೆಯ ಬಗ್ಗೆ ಅಲ್ಲ, ಉತ್ತರದ ಬಗ್ಗೆ. ಅದೇ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿದವರೂ ಇದ್ದಾರೆ. ಕ್ಯಾನ್ಸರ್ ಎಂದರೆ ಜೀವಕೋಶ ವಿಭಜನೆಯಲ್ಲಿ ಕೂಡಿಬರುವ ತಪ್ಪುಗಳ ಫಲ. ಜೀವಕೋಶ ಹೆಚ್ಚಿದ್ದಷ್ಟೂ, ಆಯುಸ್ಸು ಹೆಚ್ಚಿದಷ್ಟೂ ಅಪಾಯ ಹೆಚ್ಚಬೇಕು. ಮನುಷ್ಯನಿಗೆ ಇಲಿಗಿಂತ ಸಾವಿರಾರು ಪಟ್ಟು ಹೆಚ್ಚು ಜೀವಕೋಶಗಳಿದ್ದರೂ ಅಪಾಯ ಅದೇ ಪ್ರಮಾಣದಲ್ಲಿ ಏಕೆ ಹೆಚ್ಚಿಲ್ಲ ಎಂಬ ಒಗಟನ್ನು ಬ್ರಿಟನ್ನಿನ ರಿಚರ್ಡ್ ಪೀಟೊ 1977ರಲ್ಲಿ ಮುಂದಿಟ್ಟರು.

ಉತ್ತರದ ಒಂದು ತುಣುಕು 2015ರಲ್ಲಿ ಆನೆಯಲ್ಲಿ ಸಿಕ್ಕಿತು. ಟಿಪಿ53 ಎಂಬ ಜೀನು ಜೀವಕೋಶದ ಕಾವಲುಗಾರ. ಡಿಎನ್‌ಎ ಕೆಟ್ಟರೆ ಅದು ವಿಭಜನೆಯನ್ನು ತಡೆಯುತ್ತದೆ, ಸರಿಪಡಿಸಲು ಆಗದಿದ್ದರೆ ಆ ಜೀವಕೋಶವನ್ನೇ ಸಾಯಿಸುತ್ತದೆ. ಮನುಷ್ಯರಲ್ಲಿ ಈ ಜೀನು ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪ್ರತಿ. ಅದರಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿರುವ ಲೀ-ಫ್ರೌಮೆನಿ ಕುಟುಂಬಗಳಲ್ಲಿ ಎಳೆಯ ವಯಸ್ಸಿನಲ್ಲೇ ಕ್ಯಾನ್ಸರ್ ಕಾಡುತ್ತದೆ. ಆಫ್ರಿಕಾದ ಆನೆಯಲ್ಲಾದರೋ ಸುಮಾರು 40 ಪ್ರತಿಗಳಿವೆ. ನಮ್ಮ ಬಂಡೀಪುರ, ನಾಗರಹೊಳೆ ಕಾಡುಗಳಲ್ಲಿರುವ ಏಷ್ಯಾದ ಆನೆಯಲ್ಲೂ ಹೆಚ್ಚುವರಿ ಪ್ರತಿಗಳಿವೆ. ಕೆಟ್ಟ ಜೀವಕೋಶವನ್ನು ರಿಪೇರಿ ಮಾಡುತ್ತ ಕೂರುವುದಕ್ಕಿಂತ ಬೇಗ ಬಿಟ್ಟುಕೊಡುವುದು ಆನೆಯ ಉಪಾಯ.

ಇಲ್ಲೂ ಎಚ್ಚರ ಬೇಕು. ಆನೆಗೂ ಕ್ಯಾನ್ಸರ್ ಬರುತ್ತದೆ, ಕಡಿಮೆ ಅಷ್ಟೆ. ಕ್ಯಾನ್ಸರ್ ಬರುವುದೇ ಇಲ್ಲ ಎಂದು ಹೆಸರಾಗಿದ್ದ ನೇಕೆಡ್ ಮೋಲ್ ರ್‍ಯಾಟ್ ಎಂಬ ಆಫ್ರಿಕಾದ ಬಿಲದ ಪ್ರಾಣಿಯಲ್ಲೂ 2016ರಲ್ಲಿ ಗಡ್ಡೆಗಳು ವರದಿಯಾದವು. ಮೃಗಾಲಯಗಳ 191 ಜಾತಿಯ ಸಸ್ತನಿಗಳನ್ನು ಪರಿಶೀಲಿಸಿದ 2022ರ ಅಧ್ಯಯನದಲ್ಲಿ ದೇಹದ ಗಾತ್ರಕ್ಕೂ ಕ್ಯಾನ್ಸರ್ ಸಾವಿಗೂ ಸಂಬಂಧ ಕಾಣಲಿಲ್ಲ. 2025ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ದೊಡ್ಡ ಪ್ರಾಣಿಗಳಲ್ಲಿ ಗಡ್ಡೆಗಳು ಹೆಚ್ಚೇ ಎಂದಿತು. ವಿಜ್ಞಾನಿಗಳು ಇನ್ನೂ ವಾದಿಸುತ್ತಿದ್ದಾರೆ. ಅದು ಅವರ ದೌರ್ಬಲ್ಯವಲ್ಲ. ತಮ್ಮ ಮಾತನ್ನು ತಾವೇ ತಿದ್ದಿಕೊಳ್ಳುವ ಈ ಗುಣವೇ ಲೇನ್ ಅವರ ಪುಸ್ತಕದಲ್ಲಿ ಇಲ್ಲದ್ದು. ಆಕ್ಷೇಪಗಳು ಬಂದ ಮೇಲೂ 1996ರಲ್ಲಿ ಅವರು ಹೊರತಂದ ಎರಡನೇ ಪುಸ್ತಕದ ಹೆಸರು, ಶಾರ್ಕ್‌ಗಳಿಗೆ ಈಗಲೂ ಕ್ಯಾನ್ಸರ್ ಬರುವುದಿಲ್ಲ ಎಂದೇ.

ಆನೆಯ ರಕ್ಷಣೆ ಅದರ ಒಂದೊಂದು ಜೀವಕೋಶದಲ್ಲೂ ಹುಟ್ಟುವಾಗಲೇ ಇದೆ. ಲಕ್ಷಾಂತರ ವರ್ಷಗಳಲ್ಲಿ ಕೂಡಿಬಂದ ಅದನ್ನು ಪುಡಿ ಮಾಡಿ ಡಬ್ಬಿಗೆ ತುಂಬಲಾಗದು. ಅದರ ಕೆಲಸ ಅರಿತು ಔಷಧ ಮಾಡುವುದು ದೀರ್ಘ ದಾರಿ. ಆ ದಾರಿಯ ನಡುವೆ ನಾಳೆ ಯಾರಾದರೂ ಆನೆಯ ಹೆಸರಿನ ಮಾತ್ರೆ ಹಿಡಿದು ನಮ್ಮ ಮನೆ ಬಾಗಿಲಿಗೆ ಬಂದರೆ ಆಶ್ಚರ್ಯವಿಲ್ಲ. ಆಗ ನಾವು ಎರಡು ಪ್ರಶ್ನೆ ಕೇಳೋಣ: ಇದನ್ನು ಎಷ್ಟು ರೋಗಿಗಳ ಮೇಲೆ ಪರೀಕ್ಷಿಸಿದ್ದಾರೆ? ಇದನ್ನು ಸೇವಿಸದವರ ಜೊತೆ ಹೋಲಿಸಿ ನೋಡಿದ್ದಾರೆಯೇ? ಉತ್ತರ ಸಿಗದಿದ್ದರೆ ರೋಗಿಯ ಕೈಹಿಡಿದು ಚಿಕಿತ್ಸೆಗೆ ಕರೆದೊಯ್ಯುವುದೇ ನಾವು ಮಾಡಬಹುದಾದ ದೊಡ್ಡ ಉಪಕಾರ.