ಕೊಟ್ಟಿಗೆಯಲ್ಲೊಂದು ಪಾಲಿಯೋ

ಜವಳಗಿರಿಯ ಗೆಳೆಯನ ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ನಿಂತಿದೆ ಫಿಯಟ್ ಪಾಲಿಯೋ 1.6 ಜಿಟಿಎಕ್ಸ್. 1596 ಸಿಸಿ, 16 ವಾಲ್ವು, ನೂರು ಕುದುರೆ ಬಲ. 2001ರ ಪುಟ್ಟ ಕಾರಿಗೆ ಅದು ಕೊಬ್ಬೇ ಸರಿ. ಹಳೆಯ ಕಾರನ್ನು ಗೆಳೆಯ ತಾನೇ ರಿಪೇರಿ ಮಾಡುತ್ತಿದ್ದಾನೆ. ತಗಡಿನ ತಗ್ಗು ಹುಡುಕಲು ಕಣ್ಣು ಮುಚ್ಚಿ ಅಂಗೈ ಸವರುತ್ತಾನೆ. ಒಳಗಿನಿಂದ ಕಬ್ಬಿಣದ ದಿಮ್ಮಿ ಒತ್ತಿಹಿಡಿದು, ಹೊರಗಿನಿಂದ ಅಕ್ಕಸಾಲಿಗನ ಹಾಗೆ ಮೆಲುಪೆಟ್ಟು. ಆಮೇಲೆ ನೀರು ಚಿಮುಕಿಸಿ 800, 2000 ನಂಬರಿನ ವಾಟರ್ ಪೇಪರ್. ಬೆರಳಿಗೆ ಬಾಳೆಲೆಯ ನುಣುಪು ಸಿಗಬೇಕು. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಅಲೆಯುತ್ತಾನೆ. (ದಿನಸಿಗೆ ಇಷ್ಟು ಅಲೆದದ್ದುಂಟೇ ಎಂದು ಅವನ ಹೆಂಡತಿ.) ಟೈಮಿಂಗ್ ಬೆಲ್ಟ್ ಕೂರಿಸುವಾಗ ಮಾತ್ರ ಉಸಿರು ಬಿಗಿಹಿಡಿಯುತ್ತಾನೆ, ಹಲ್ಲು ತಪ್ಪಿದರೆ ವಾಲ್ವು ಪಿಸ್ಟನ್ನಿಗೆ ಬಡಿದೀತು. ಮೊನ್ನೆ ಕೀಲಿ ತಿರುಗಿಸಿದ. ಮೊದಲು ಕೆಮ್ಮು, ಆಮೇಲೆ ತುಂಬುಗಂಟಲಿನ ಗುರುಗುಟ್ಟು. ತಳಿ ಊರಿನ ಕಡೆಯ ಕಾಡುರಸ್ತೆಗೆ ಇಳಿದೆವು, ನಿಧಾನಕ್ಕೇ. ಅದು ಆನೆಗಳ ದಾರಿ.